ಸೀಸೆಯ ತಳದ ಹಸಿರು

ಬಿರಡೆಗೆ ಸುತ್ತಿಗೆಯಿಂದ ಹೊಡೆದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ಹೊಡೆದೆ ಎಂದು ಇವತ್ತು ಅನಿಸುತ್ತಿದೆ. ಆದರೆ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿದಾಗೆಲ್ಲ ಹೊಡೆದವಳು ‘ನನ್ನ ಜೊತೆಗಿದ್ದ ಒಬ್ಬ ವಿದ್ಯಾರ್ಥಿನಿ’ ಆಗಿರುತ್ತಿದ್ದಳು. ನಿಜಕ್ಕೂ ಸುತ್ತಿಗೆ ಅವಳ ಕೈಯಲ್ಲಿತ್ತೋ, ವರ್ಷ ವರ್ಷ ಹೇಳುತ್ತ ಹೇಳುತ್ತ ನಾನೇ ಅದನ್ನು ಅವಳ ಕೈಗೆ ದಾಟಿಸಿದೆನೋ ಗೊತ್ತಿಲ್ಲ. ಹಾಗಾಗಿ ಮುಂದೆ ಓದುವವರು ‘ನನಗೆ ನೆನಪಿದೆ’ ಎಂದು ನಾನು ಬರೆದ ಕಡೆಯೆಲ್ಲ ಒಂದು ಪ್ರಶ್ನೆಚಿಹ್ನೆ ಹಾಕಿಕೊಳ್ಳುವುದು ಒಳ್ಳೆಯದು. ನಾನೂ ಹಾಕಿಕೊಂಡೇ ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಾಚಿ ಮತ್ತು ಸಯನೋಬ್ಯಾಕ್ಟೀರಿಯಾಗಳನ್ನು ಓದುತ್ತ, ಎಣಿಸುತ್ತ, ಬೆಳೆಸುತ್ತ ನನ್ನ ವೃತ್ತಿಜೀವನ ಕಳೆಯಿತು. ಈಗ ಕೆಂಡಲ್ ಪಾರ್ಕಿನ ಮನೆಯಲ್ಲಿ ನಿವೃತ್ತ. ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಬಾಸ್ಕಿಂಗ್ ರಿಡ್ಜಿನ ಹುಡುಗಿಯೊಬ್ಬಳು ಊಟದ ಸಾಲಿನಲ್ಲಿ ನನ್ನನ್ನು ಹಿಡಿದಳು. ಪಾಚಿಯ ಮೇಲೆ ಪಿಎಚ್‌ಡಿಗೆ ಸೇರುತ್ತಿದ್ದಾಳಂತೆ. ಅವಳ ತಂದೆ ಪಕ್ಕದಲ್ಲೇ ನಿಂತು, “ಏನ್ ಸರ್, ನೀರಿನ ಟ್ಯಾಂಕ್ ಉಜ್ಜೋಕೂ ಪಿಎಚ್‌ಡಿ ಬೇಕಾ?” ಎಂದು ನಕ್ಕರು. ಅವಳು ಅಪ್ಪನ ಕಡೆ ನೋಡಲಿಲ್ಲ. ಅಂಕಲ್, ಕೆಲಸ ನಿಜವಾಗಿ ಹೇಗಿರುತ್ತೆ, ರಿಸರ್ಚ್ ಪೇಪರಿನಲ್ಲಿ ಬರೆಯೋದಿಲ್ಲವಲ್ಲ ಅದನ್ನು ಹೇಳಿ ಎಂದಳು. ಆ ಸಾಲಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಏನೋ ಹೇಳಿದೆ. ಸರಿಯಾಗಿ ಹೇಳಲಿಲ್ಲ ಅನಿಸಿ ಈ ಬರಹ.

ಮೊದಲು ತಿಳಿಯಬೇಕಾದದ್ದು, ನೀವು ಓದಲು ಹೊರಟ ಜೀವಿ ನಿಮ್ಮ ಜೀವಮಾನದಲ್ಲೇ ಹೆಸರು ಬದಲಿಸುತ್ತದೆ. ನಾನು ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ಅದು ನೀಲಿಹಸಿರು ಪಾಚಿ. ಇಲ್ಲಿಗೆ ಬಂದ ಮೇಲೆ, ಅದು ಪಾಚಿಯೇ ಅಲ್ಲ, ಬೆಳಕು ಉಂಡು ಬದುಕುವ ಬ್ಯಾಕ್ಟೀರಿಯಾ ಎಂದು ತಿದ್ದಿಸಿಕೊಂಡೆ. ಅನಬೀನಾ ಎಂದು ನಾನು ಸಾವಿರ ಸಲ ಬರೆದ ಸುರುಳಿಯಾಕಾರದ ಮುತ್ತಿನ ಸರದಂಥ ಜೀವಿಗೆ ಈಗ ಬೇರೆಯದೇ ಹೆಸರು. ಅದನ್ನು ಹೇಳುವಾಗ ನನ್ನ ನಾಲಿಗೆ ಇಂದಿಗೂ ಎಡವುತ್ತದೆ. ಹೆಸರು ಹೋದರೆ ಹೋಗಲಿ, ಆಕಾರ ಗುರುತಿದೆಯಲ್ಲ ಎಂದುಕೊಂಡರೆ ಅದೂ ಮೋಸವೇ. ಕೆರೆಯಲ್ಲಿ ಗುಂಪುಗುಂಪಾಗಿ ಅಂಟಿಕೊಂಡಿರುವ ಜೀವಿಯನ್ನು ತಂದು ಲ್ಯಾಬಿನ ಫ್ಲಾಸ್ಕಿನಲ್ಲಿ ಸಾಕಿದರೆ ಕೆಲವು ತಿಂಗಳಲ್ಲಿ ಗುಂಪು ಬಿಟ್ಟು ಒಂಟಿ ಒಂಟಿಯಾಗಿ ಬದುಕಲು ಶುರುಮಾಡುತ್ತದೆ. ಅದು ಯಾಕೆ ಹಾಗೆ ಮಾಡುತ್ತದೆ ಎಂಬುದು ನನಗೆ ಪೂರ್ತಿ ತಿಳಿಯಲೇ ಇಲ್ಲ.

ಎರಡನೆಯದು, ನೀವು ಬೆಪ್ಪರಾಗುತ್ತೀರಿ. ಇಲ್ಲಿನ ನನ್ನ ಮೊದಲ ವಸಂತದಲ್ಲಿ, ಉತ್ತರ ಜೆರ್ಸಿಯ ಒಂದು ಕೆರೆಯ ಮೇಲೆ ಹಳದಿಹಸಿರು ಪದರ ಕಟ್ಟಿದೆ ಎಂದು ಫೋನ್ ಬಂತು. ಒಬ್ಬನೇ ಡ್ರೈವ್ ಮಾಡಿಕೊಂಡು ಹೋಗಿ ಸ್ಯಾಂಪಲ್ ತಂದೆ. ಮೈಕ್ರೋಸ್ಕೋಪಿನಡಿ ಎರಡು ಕಿವಿಯಂಥ ಚೀಲಗಳಿದ್ದ ದುಂಡನೆಯ ಕೋಶಗಳು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಚಿತ್ರ ಬರೆದು, ಅಳತೆ ಹಾಕಿ, ಹೊಸ ಪ್ರಭೇದ ಇರಬಹುದು ಎಂದು ನಮ್ಮ ಲ್ಯಾಬಿನ ಪ್ರೊಫೆಸರರ ಮುಂದಿಟ್ಟೆ. ಅವರು ಕಣ್ಣಿಟ್ಟು ಎರಡು ಸೆಕೆಂಡ್ ನೋಡಿ, ಕಿಟಕಿಯಾಚೆ ನಿಂತಿದ್ದ ಪೈನ್ ಮರವನ್ನು ಬೆರಳಿನಿಂದ ತೋರಿಸಿದರು. ಅದು ಪರಾಗ. ಮೈಸೂರಿನಲ್ಲಿ ಪೈನ್ ಮರದ ಪರಾಗ ಕೆರೆಯ ಮೇಲೆ ತೇಲುವುದನ್ನು ನಾನೆಲ್ಲಿ ನೋಡಬೇಕು. ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಅವರು ನನ್ನ ಬಾಗಿಲಲ್ಲಿ ನಿಂತು, ನಿನ್ನ ಹೊಸ ಪ್ರಭೇದ ನನ್ನ ಕಾರಿನ ಮೇಲೂ ಬಿದ್ದಿದೆ, ತೊಳೆಯಲೋ ಬೇಡವೋ ಎಂದು ಕೇಳುತ್ತಿದ್ದರು.

ಪ್ರೊಫೆಸರ್ ಕೋವಾಲ್ಸ್ಕಿ ನನಗೆ ಅನ್ನ ಕೊಟ್ಟವರು. ಅವರ ಹತ್ತಿರ ನಾನು ರಿಸರ್ಚ್ ಅಸೋಸಿಯೇಟ್ ಆಗಿದ್ದೆ. ದೊಡ್ಡ ಕೈ, ದೊಡ್ಡ ದನಿ, ಕಾರಣ ಹೇಳುವವರನ್ನು ಕಂಡರೆ ಆಗದು. ಬೇಸಿಗೆಯಲ್ಲಿ ಊರೂರಿನ ಕೆರೆ ಸಮಿತಿಗಳು ನಮ್ಮ ಲ್ಯಾಬಿಗೆ ನೀರು ಕಳಿಸುತ್ತಿದ್ದವು. ನೀಲಿಹಸಿರು ಹೆಚ್ಚಾದರೆ ಕೆಲವು ಸಲ ವಿಷ ಬರುತ್ತದೆ, ಅದಕ್ಕೇ ಈಜುವ ಜಾಗ ತೆರೆಯಬೇಕೋ ಮುಚ್ಚಬೇಕೋ ಎಂದು ಬೇಗ ಹೇಳಬೇಕಿತ್ತು. ಬೇಗ ಹೇಳಲು ಅವರದೇ ಒಂದು ನಿಯಮವಿತ್ತು: ಬದುಕಿದ್ದು ತೇಲುತ್ತದೆ, ಸತ್ತದ್ದು ಮುಳುಗುತ್ತದೆ. ಈ ಜೀವಿಗಳ ಕೋಶದೊಳಗೆ ಗಾಳಿ ತುಂಬಿದ ಅತಿಸಣ್ಣ ಚೀಲಗಳಿರುತ್ತವೆ, ಅವುಗಳಿಂದಲೇ ಅವು ಮೇಲೆ ಬಂದು ಬಿಸಿಲು ಕಾಯಿಸುತ್ತವೆ. ಆದ್ದರಿಂದ ಸೀಸೆಯನ್ನು ಅರ್ಧ ಗಂಟೆ ಅಲುಗಿಸದೆ ಇಡು, ಮೇಲಿನ ಪದರದಿಂದ ಹನಿ ತೆಗೆ, ಎಣಿಸು. ತಳದಲ್ಲಿರುವುದು ಹಳೆಯ ಹೆಣ, ಅದಕ್ಕೆ ಸಮಯ ಹಾಳುಮಾಡಬೇಡ. ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನಾವು ಯಾರೂ ಪ್ರಶ್ನಿಸಲಿಲ್ಲ.

ಎಣಿಸುವವಳು ಶೈಲಜಾ. ಧಾರವಾಡದ ಕಡೆಯವಳು, ಪಿಎಚ್‌ಡಿಗೆ ಬಂದು ಎರಡನೆಯ ವರ್ಷ. ಎಡಗೈಯಲ್ಲಿ ಟಿಕ್ ಟಿಕ್ ಅನ್ನುವ ಎಣಿಕೆಯ ಡಬ್ಬಿ, ಬಲಗೈ ಮೈಕ್ರೋಸ್ಕೋಪಿನ ತಿರುಗಣೆಯ ಮೇಲೆ, ಗಂಟೆಗಟ್ಟಲೆ ಕುಳಿತರೂ ಕತ್ತು ಆಡಿಸುತ್ತಿರಲಿಲ್ಲ. ಒಂದೇ ಸ್ಲೈಡನ್ನು ನಾನು ಮೂರು ಸಲ ಎಣಿಸಿದರೆ ಮೂರು ಉತ್ತರ ಬರುತ್ತಿತ್ತು. ಅವಳದು ಒಂದೇ. ನನ್ನನ್ನು ‘ಸರ’ ಎನ್ನುತ್ತಿದ್ದಳು. ನಾನು ನೀವು ಎಂದೇ ಮಾತಾಡಿಸುತ್ತಿದ್ದೆ.

ಇನ್ನು ಸುತ್ತಿಗೆಯ ವಿಷಯ. ಅದು ಜೂನ್ ತಿಂಗಳ ಕೊನೆ. ಹಿಂದಿನ ವಾರ ನಾಲ್ಕು ಪ್ಲಾಸ್ಟಿಕ್ ಡಬ್ಬಗಳ ಮುಚ್ಚಳ ಸಡಿಲವಾಗಿ ಕೆರೆಯ ನೀರು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಚೆಲ್ಲಿತ್ತು. ಬಿಸಿಲಿಗೆ ಅದು ಕೊಳೆತು ಎದ್ದ ವಾಸನೆಗೆ ನನ್ನ ಹೆಂಡತಿ ವಸಂತಾ, ಇನ್ನು ಈ ಮೀನಿನ ಬುಟ್ಟಿಯಲ್ಲಿ ತಾನು ಕೂರುವುದಿಲ್ಲ, ದೇವಸ್ಥಾನಕ್ಕೆ ಬೇರೆಯವರ ರೈಡ್ ಕೇಳುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅದಕ್ಕೆ ಈ ಸಲ ನಾನೂ ಶೈಲಜಾಳೂ ದಪ್ಪ ಗಾಜಿನ ಸೀಸೆ ಒಯ್ದೆವು. ಕಾರಿನಲ್ಲಿ ತುಳುಕಿ ಜೀವಿಗಳ ಸರ ಹರಿಯಬಾರದೆಂದು ಗಾಳಿಗೆ ಒಂದು ಗುಳ್ಳೆಯಷ್ಟೂ ಜಾಗ ಬಿಡದೆ ಅಂಚಿನವರೆಗೆ ತುಂಬಿದೆವು. ರಬ್ಬರ್ ಬಿರಡೆ ಇಟ್ಟು, ಟೆಂಟಿನ ಗೂಟ ಹೊಡೆಯುವ ರಬ್ಬರ್ ಸುತ್ತಿಗೆಯಿಂದ ಎರಡೆರಡು ಏಟು. ಒಂದು ಹನಿಯೂ ಚೆಲ್ಲಲಿಲ್ಲ. ನಮ್ಮ ಬುದ್ಧಿಯನ್ನು ನಾವೇ ಮೆಚ್ಚಿಕೊಂಡೆವು.

ಲ್ಯಾಬಿನಲ್ಲಿ ಅರ್ಧ ಗಂಟೆಯ ನಂತರ ಸೀಸೆಯ ಮೇಲಿನ ನೀರು ತಿಳಿಯಾಗಿತ್ತು. ತಳದಲ್ಲಿ ಬೆರಳು ದಪ್ಪದ ಕಡುಹಸಿರು.

“ಸರ, ತಳದಾಗ ಭಾಳ ಹಸಿರು ಐತ್ರಿ. ಇದನ್ನೂ ಎಣಿಸ್ಲೇನ್ರಿ?” ಎಂದು ಶೈಲಜಾ ಕೇಳಿದಳು.

ನಿಯಮ ಗೊತ್ತಲ್ಲ, ಬಿಡಿ ಎಂದೆ. ಈ ಮಾತನ್ನು ನಾನು ಆಡಿದ್ದರ ಬಗ್ಗೆ ನನಗೆ ಅನುಮಾನವಿಲ್ಲ, ಯಾಕೆಂದರೆ ಅವಳ ಎಣಿಕೆಯ ಹಾಳೆಯ ಅಂಚಿನಲ್ಲಿ ಅದು ಬರೆದಿದೆ. ಅವಳು ಮೇಲಿನ ನೀರನ್ನು ಎಣಿಸಿದಳು. ಹೆಚ್ಚೇನೂ ಇರಲಿಲ್ಲ. ಪ್ರೊಫೆಸರ್ ವರದಿಗೆ ಸಹಿ ಹಾಕಿದರು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ರಜೆಗೆ ಕೆರೆ ಸಮಿತಿ ಈಜುವ ಜಾಗ ತೆರೆಯಿತು. ಆ ವಾರಾಂತ್ಯ ಅಲ್ಲಿ ನೀರು ಕುಡಿದ ಒಂದು ಮುದಿ ಲ್ಯಾಬ್ರಡಾರ್ ನಾಯಿ ಸತ್ತಿತು, ಇಬ್ಬರು ಮಕ್ಕಳಿಗೆ ವಾಂತಿ.

ಸಮಿತಿಯ ಅಧ್ಯಕ್ಷೆ ಲ್ಯಾಬಿಗೇ ಬಂದರು. ಕೂಗಾಡಲಿಲ್ಲ. ನಾಯಿಯ ಕೊರಳಪಟ್ಟಿಯನ್ನು ಪ್ರೊಫೆಸರರ ಮೇಜಿನ ಮೇಲಿಟ್ಟು, ಇದನ್ನು ಅದರ ಯಜಮಾನನಿಗೆ ವಾಪಸ್ ಕೊಡಲು ಹೋಗುತ್ತಿದ್ದೇನೆ, ಅವನಿಗೆ ನಾನು ಏನು ಹೇಳಲಿ ಎಂದು ಕೇಳಿದರು. ಪ್ರೊಫೆಸರ್ ಕೋವಾಲ್ಸ್ಕಿ ಕಾರಿನ ಕೀಲಿ ತೆಗೆದುಕೊಂಡು ಎದ್ದರು.

ಅವರೇ ಹೋಗಿ ಹೊಸ ನೀರು ತಂದರು, ಹಳೆಯ ಪ್ಲಾಸ್ಟಿಕ್ ಡಬ್ಬದಲ್ಲಿ, ಅರ್ಧ ತುಂಬಿಸಿ. ಮೇಲೆ ಪೆಯಿಂಟ್ ಸುರಿದ ಹಾಗೆ ಹಸಿರು ಕಟ್ಟಿತ್ತು. ಕೆಲವೇ ದಿನದಲ್ಲಿ ಕೆರೆ ಇಷ್ಟು ಬದಲಾಗುವುದಿಲ್ಲ, ಹುಡುಗಿ ಎಣಿಕೆಯಲ್ಲಿ ತಪ್ಪಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಶೈಲಜಾ ತನ್ನ ಹಾಳೆ ತೋರಿಸಿದಳು. ಕಾರಣ ಹೇಳಬೇಡ ಎಂದರು. ಅವಳನ್ನು ಮೈಕ್ರೋಸ್ಕೋಪಿನಿಂದ ಎಬ್ಬಿಸಿ ಗಾಜು ತೊಳೆಯುವ ಸಿಂಕಿನ ಮುಂದೆ ನಿಲ್ಲಿಸಿದರು. ವಿದ್ಯಾರ್ಥಿಗಳ ಪ್ರಗತಿ ನೋಡುವ ಸಮಿತಿಗೆ, ಇವಳ ಎಣಿಕೆಯನ್ನು ನಂಬುವಂತಿಲ್ಲ ಎಂದು ಬರೆದರು. ಸಂಬಳ, ಫೀಸು ಕೊಡುವ ಅಸಿಸ್ಟೆಂಟ್‌ಶಿಪ್ ಹೋದರೆ ಅವಳ ಪಿಎಚ್‌ಡಿ ಹೋದಂತೆ. ಅದು ಹೋದರೆ ವೀಸಾ.

ನಾನು ಏನು ಮಾಡುತ್ತಿದ್ದೆ? ನನ್ನನ್ನು ಕಾಡುತ್ತಿದ್ದದ್ದು, ನಾಚಿಕೆಯಿಂದ ಹೇಳುತ್ತೇನೆ, ಶೈಲಜಾ ಅಲ್ಲ, ಆ ತಳದ ಹಸಿರು. ಫ್ರಿಜ್‌ನಲ್ಲಿದ್ದ ಹಳೆಯ ಸೀಸೆಯಿಂದ ತಳದ ಹನಿ ತೆಗೆದು ನೋಡಿದೆ. ಸತ್ತ ಕೋಶ ಸುಕ್ಕಾಗಿ ಬಿಳಿಚಿಕೊಂಡಿರಬೇಕು. ಇವು ದುಂಡಗೆ, ಹೊಳಪಾಗಿ, ಜೀವದಿಂದ ಇದ್ದವು. ಆದರೆ ಒಳಗಿನ ಗಾಳಿಚೀಲಗಳ ಕಪ್ಪು ಚುಕ್ಕೆಗಳು ಇರಲಿಲ್ಲ. ಬದುಕಿದ್ದೂ ಮುಳುಗಿದ್ದವು.

ಮರುದಿನ ಬೆಳಿಗ್ಗೆ ಹೊಸ ನೀರಿನಿಂದ ಎರಡು ಗಾಜಿನ ಸೀಸೆಗಳನ್ನು ಅಂಚಿನವರೆಗೆ ತುಂಬಿದೆ. ಒಂದಕ್ಕೆ ಬಿರಡೆಯನ್ನು ಮೆಲ್ಲಗೆ ಇಟ್ಟೆ. ಇನ್ನೊಂದಕ್ಕೆ ಸುತ್ತಿಗೆಯಿಂದ ಒಂದು ಏಟು. ಆ ಕ್ಷಣ ನಾನು ನೋಡಿದ್ದು ನನ್ನ ವೃತ್ತಿಯಲ್ಲೇ ಅತಿ ಸುಂದರವಾದ ದೃಶ್ಯ. ಮಜ್ಜಿಗೆಯಂತೆ ಮಂದವಾಗಿದ್ದ ಹಸಿರು ನೀರು ಏಟು ಬಿದ್ದೊಡನೆ ಪಾರದರ್ಶಕವಾಯಿತು, ಹಿಂದಿನ ಕಿಟಕಿಯ ಚೌಕಟ್ಟು ಅದರೊಳಗಿಂದ ಕಾಣತೊಡಗಿತು. ನೀರನ್ನು ಒತ್ತಿ ಕುಗ್ಗಿಸಲು ಬರುವುದಿಲ್ಲ. ಗುಳ್ಳೆಯಷ್ಟೂ ಜಾಗವಿಲ್ಲದ ಸೀಸೆಗೆ ಬಿರಡೆ ನುಗ್ಗಿದಾಗ ಆ ಒತ್ತಡವೆಲ್ಲ ಗಾಳಿಚೀಲಗಳ ಮೇಲೆ ಬಿದ್ದು ಅವು ಒಟ್ಟಿಗೆ ಅಪ್ಪಚ್ಚಿಯಾಗಿದ್ದವು. ಸ್ವಲ್ಪ ಹೊತ್ತಿನಲ್ಲಿ ಒಂದು ಸೀಸೆಯಲ್ಲಿ ಹಸಿರು ಮೇಲೆ, ಇನ್ನೊಂದರಲ್ಲಿ ತಳದಲ್ಲಿ. ಕೆರೆ ಬದಲಾಗಿರಲಿಲ್ಲ, ಶೈಲಜಾ ತಪ್ಪಿರಲಿಲ್ಲ. ಕಾರಿನಲ್ಲಿ ನೀರು ಚೆಲ್ಲಬಾರದೆಂದು ನಾವು ಕೊಟ್ಟ ಏಟು ಕೆರೆಯ ಸುದ್ದಿಯನ್ನೇ ಮುಳುಗಿಸಿತ್ತು.

ಇದನ್ನೆಲ್ಲ ಬರೆದು ಪ್ರೊಫೆಸರರಿಗೆ ಒಂದು ಟಿಪ್ಪಣಿ ಕೊಟ್ಟೆ. ಸುತ್ತಿಗೆಯ ಕಥೆ ಕೇಳಿ ಅವರು ಮೊದಲು ಬೈದರು, ಆಮೇಲೆ ತಾವೇ ಒಂದು ಸೀಸೆ ತುಂಬಿ ಹೊಡೆದು ನೋಡಿದರು, ಇನ್ನೊಂದು ತುಂಬಿ ಹೊಡೆದರು, ಸಂಜೆಯೊಳಗೆ ಇಡೀ ವಿಭಾಗದ ಮುಂದೆ ಹೊಡೆದು ತೋರಿಸುತ್ತಿದ್ದರು. ನೂರು ವರ್ಷದ ಹಿಂದೆಯೇ ಯಾರೋ ಇದನ್ನು ಕಂಡಿದ್ದರು, ತಾವು ವಿದ್ಯಾರ್ಥಿಯಾಗಿದ್ದಾಗ ಓದಿ ಮರೆತದ್ದಾಗಿ ಹೇಳಿ ತಲೆ ಚಚ್ಚಿಕೊಂಡರು. ಸಿಂಕಿನ ಹತ್ತಿರ ಹೋಗಿ, ಎಲ್ಲರೆದುರು ಶೈಲಜಾಳ ಕ್ಷಮೆ ಕೇಳಿದರು. ಅಷ್ಟರಲ್ಲಿ ವಿದ್ಯಾರ್ಥಿಗಳ ಪ್ರಗತಿ ಸಮಿತಿ ಸೇರಿ ಮುಗಿದಿತ್ತು. ಅವಳ ಅಸಿಸ್ಟೆಂಟ್‌ಶಿಪ್ ಇನ್ನೊಬ್ಬನಿಗೆ ಹೋಗಿತ್ತು, ಅವನಾಗಲೇ ಬಾಡಿಗೆ ಮನೆ ಹಿಡಿದಿದ್ದ. ಶೈಲಜಾ ಲಾಂಗ್ ಐಲೆಂಡಿನ ಒಂದು ಕಾಲೇಜಿಗೆ ಸೇರಿ ಮಾಸ್ಟರ್ಸ್ ಮುಗಿಸಿ, ನೀರು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ನಿಂತಳು. ಪಿಎಚ್‌ಡಿ ಆಗಲಿಲ್ಲ.

ನಾನು ತಿಳಿದ ತಕ್ಷಣ ಹೇಳಿದೆ, ಒಂದು ವಾರದೊಳಗೆ, ಆದರೆ ಅಷ್ಟರಲ್ಲಿ ತಡವಾಗಿತ್ತು. ತರಗತಿಯಲ್ಲಿ ಈ ಕಥೆಯನ್ನು ನಾನು ಮುಗಿಸುತ್ತಿದ್ದದ್ದು ಹೀಗೆ. ಸಂಸ್ಥೆಗಳು ನಿಧಾನ, ಸತ್ಯ ಅದಕ್ಕಿಂತ ನಿಧಾನ ಎಂದು ಒಂದು ಮಾತು ಸೇರಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಮುಂದೆ ವಿಧಾನಗಳು ಬದಲಾದವು. ಟಿಕ್ ಟಿಕ್ ಡಬ್ಬಿ ಹೋಗಿ ಕ್ಯಾಮೆರಾ ಎಣಿಸತೊಡಗಿತು. ಆಮೇಲೆ ನೀರನ್ನು ಸೋಸಿ ಡಿಎನ್‌ಎ ಓದಿಸಿದರೆ ಹೆಸರುಗಳ ಪಟ್ಟಿಯೇ ಬರತೊಡಗಿತು. ನನ್ನ ಕೊನೆಯ ವಿದ್ಯಾರ್ಥಿಗಳಲ್ಲಿ ಒಬ್ಬ, ಪಟ್ಟಿಯಲ್ಲಿ ಐನೂರು ಹೆಸರು ತೋರಿಸಿ, ಅದರಲ್ಲಿ ಒಂದನ್ನೂ ಕಣ್ಣಿನಿಂದ ನೋಡಿರಲಿಲ್ಲ. ಬೈಯಲು ಹೊರಟೆ, ನನ್ನದೇ ಕಥೆ ನೆನಪಾಯಿತು. ಕಣ್ಣಾರೆ ಕಂಡ ನಾನು ಪರಾಗವನ್ನು ಪ್ರಭೇದ ಅಂದವನು. ಡಿಎನ್‌ಎಗೆ ತೇಲಿದರೂ ಒಂದೇ, ಮುಳುಗಿದರೂ ಒಂದೇ. ಶೈಲಜಾಳ ಕಾಲಕ್ಕೆ ಅದಿದ್ದಿದ್ದರೆ ಎಂದು ಆಗಾಗ ಯೋಚಿಸಿದ್ದೇನೆ. ಆದರೂ ಬಾಸ್ಕಿಂಗ್ ರಿಡ್ಜಿನ ಹುಡುಗಿಗೆ ಹೇಳುತ್ತೇನೆ, ಯಂತ್ರಕ್ಕೆ ಕೊಡುವ ಮೊದಲು ಸೀಸೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಒಮ್ಮೆ ನೋಡು.

ಈ ಬರಹ ಶುರುಮಾಡಿದ ಮೇಲೆ, ಸುತ್ತಿಗೆ ಯಾರ ಕೈಯಲ್ಲಿತ್ತು ಎಂದು ಕೇಳಲು ಶೈಲಜಾಳನ್ನು ಹುಡುಕಿದೆ. ಲಾಂಗ್ ಐಲೆಂಡಿನ ಅಂಚಿನ ಬೆಲ್‌ರೋಸ್‌ನಲ್ಲಿದ್ದಾಳೆ, ಅವಳೂ ನಿವೃತ್ತಿಯ ಅಂಚಿನಲ್ಲಿ. ಹಿಲ್‌ಸೈಡ್ ಅವೆನ್ಯೂದ ಒಂದು ಹೋಟೆಲಿನಲ್ಲಿ ಭೇಟಿಯಾದೆವು. ದಿನಸಿ ಚೀಲಗಳನ್ನು ಕುರ್ಚಿಯ ಪಕ್ಕ ಇಟ್ಟು ಕುಳಿತಳು. ತಲೆ ನನಗಿಂತ ಹೆಚ್ಚು ಬೆಳ್ಳಗಾಗಿದೆ. ಲ್ಯಾಬಿನಲ್ಲಿ ಹೊಸಬರು ಸೇರಿದ ದಿನ ಅವಳು ಮೊದಲು ಕೇಳುವ ಪ್ರಶ್ನೆ ತಳದಲ್ಲೇನಿದೆ ಎಂಬುದಂತೆ. ಅವರು ಇವಳಿಗೊಂದು ಅಡ್ಡಹೆಸರನ್ನೂ ಇಟ್ಟಿದ್ದಾರಂತೆ, ಏನೆಂದು ಹೇಳಲಿಲ್ಲ.

ಸುತ್ತಿಗೆಯ ವಿಷಯ ಕೇಳಿದೆ.

“ಅದು ನನಗೂ ನೆನಪಿಲ್ರಿ ಸರ. ಯಾರು ಹೊಡದ್ರೇನು, ಇಬ್ಬರೂ ಅಲ್ಲೇ ಇದ್ವಿ.” ಚಹಾದ ಲೋಟ ತಿರುಗಿಸುತ್ತ ಕೂತಳು. “ನನಗ ನೆನಪಿರೋದು ಆ ಎರಡು ಸೀಸೆರಿ. ನಿಮ್ಮ ಕಿಟಕ್ಯಾಗ ಇಟ್ಟಿದ್ರಿ. ಒಂದರಾಗ ಹಸಿರು ಮ್ಯಾಲ, ಒಂದರಾಗ ಕೆಳಗ. ಗಾಜು ತೊಳದು ಇಡಾಕ ಬಂದಾಗ ನೋಡಿದೆ.”

ನೀವು ಅವತ್ತೇ ನೋಡಿದಿರಾ ಎಂದು ಕೇಳಿದೆ.

“ಅವತ್ತ ನೋಡಿದೆ, ಅವತ್ತ ತಿಳೀತು. ಸರ ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಕಾದೆ. ಮೂರು ವಾರ ಕಾದೇನ್ರಿ.”

ಮೂರು ವಾರ ಇರಲಾರದು, ಒಂದು ವಾರ ಎಂದೆ. ನೀವೇ ಪ್ರೊಫೆಸರರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಕೇಳಬಾರದಿತ್ತು.

“ನಾ ಹೇಳಿದ್ರ ಕಾರಣ ಆಕ್ಕಿತ್ರಿ. ನೀವು ಹೇಳಿದ್ರ ಸೈನ್ಸ್.” ಸ್ವಲ್ಪ ನಕ್ಕಳು. “ನಿಮ್ಮ ಗ್ರೀನ್ ಕಾರ್ಡಿಗೆ ಪ್ರೊಫೆಸರ್ ಲೆಟರ್ ಕೊಡೋದಿತ್ತಲ್ರಿ ಆಗ. ಅದು ಕೈಗೆ ಬರೋತನಕ ನೀವು ಬಾಯಿ ಬಿಡಂಗಿಲ್ಲ ಅಂತ ಲಗೂನ ತಿಳ್ಕೋಬೇಕಿತ್ತು ನಾನು. ನಿಮ್ಮ ಜಾಗದಾಗ ನಾ ಇದ್ದಿದ್ರ ಏನ್ ಮಾಡ್ತಿದ್ದೆನೋ, ಅದೂ ಗೊತ್ತಿಲ್ರಿ.”

ಆ ಪತ್ರ ಜುಲೈಗೆ ಮೊದಲೇ, ವಸಂತ ಋತುವಿನಲ್ಲೇ ನನ್ನ ಕೈ ಸೇರಿತ್ತು ಎಂದು ಹೇಳಿದೆ. ನನಗೆ ಹಾಗೆಯೇ ನೆನಪಿತ್ತು. ಮರದಲ್ಲಿ ಹೊಸ ಎಲೆ, ಪ್ರೊಫೆಸರರ ಕೈಯಲ್ಲಿ ಲಕೋಟೆ. ಅವಳು ಇದ್ದೀತು ಎಂದು ತಲೆಯಾಡಿಸಿ, ವಸಂತಾ ಹೇಗಿದ್ದಾರೆ ಎಂದು ವಿಚಾರಿಸಿದಳು. ಮನೆಗೆ ಒಂದು ಪ್ಯಾಕೆಟ್ ಜೋಳದ ರೊಟ್ಟಿ ಕಟ್ಟಿಸಿ ಕೊಟ್ಟಳು.

ಒಂದು ವಾರ ನಾನು ಏನನ್ನೂ ಹುಡುಕಲಿಲ್ಲ. ಮೂವತ್ತು ವರ್ಷದ ಹಿಂದಿನ ಮಾತು, ಅವಳ ನೆನಪಿಗೂ ನನ್ನ ನೆನಪಿಗಿದ್ದಷ್ಟೇ ಬೆಲೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬೇಸ್‌ಮೆಂಟಿಗೆ ಇಳಿದೆ. ಎರಡು ಸೀಸೆಗಳ ಪ್ರಯೋಗ ನನ್ನ ಪ್ರಯೋಗಪುಸ್ತಕದಲ್ಲಿದೆ, ದಿನಾಂಕದ ಜೊತೆ. ಪ್ರೊಫೆಸರರಿಗೆ ಕೊಟ್ಟ ಟಿಪ್ಪಣಿಯ ನಕಲು ಅದರ ಹಿಂದೆಯೇ ಪಿನ್ ಹಾಕಿದೆ. ಎರಡರ ನಡುವೆ ಇಪ್ಪತ್ತೆರಡು ದಿನ. ಇಮಿಗ್ರೇಷನ್ ಕಾಗದಗಳು ವಸಂತಾಳ ಕಬ್ಬಿಣದ ಬೀರುವಿನಲ್ಲಿ ಇರುತ್ತವೆ, ಅವಳನ್ನು ಕೇಳಿ ತೆಗೆಸಿದೆ. ಪ್ರೊಫೆಸರ್ ಕೋವಾಲ್ಸ್ಕಿಯ ಪತ್ರ ಒಂದೂವರೆ ಪುಟ. ನನ್ನನ್ನು ಎಚ್ಚರದ, ಪ್ರಾಮಾಣಿಕ ಸಂಶೋಧಕ ಎಂದು ಹೊಗಳಿದ್ದಾರೆ. ಸಹಿಯ ಕೆಳಗಿನ ದಿನಾಂಕವನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ, ಪ್ರಯೋಗದ ದಿನದಿಂದ ಬೆರಳು ಮಡಿಚಿ ಎಣಿಸಿದೆ. ಅದು ಇಪ್ಪತ್ತೊಂದನೆಯ ದಿನ.